ಕ್ವಾರ್ಟರ್ಸ್ ಎಂಬ ಬಯಲು ಬಂದೀಖಾನೆ

ಜೈಲು ಸೇರುವುದು ಸುಲಭವಲ್ಲ. ಅಪರಾಧ ಮಾಡಬೇಕು, ಸಿಕ್ಕಿಬೀಳಬೇಕು, ಸಾಕ್ಷಿ ತಿರುಗಿಬೀಳಬಾರದು, ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಜೈಲರ್‌ನ ಹೆಂಡತಿಗೆ ಈ ತಾಪತ್ರಯ ಯಾವುದೂ ಇಲ್ಲ. ಮದುವೆಯಾದರೆ ಸಾಕು.

ಬ್ರಿಟಿಷರು ಭಾರತಕ್ಕೆಂದು 1894ರಲ್ಲಿ ಮಾಡಿದ ಬಂದೀಖಾನೆ ಕಾಯ್ದೆಯ ಪ್ರಕಾರ ಜೈಲರ್ ಜೈಲಿನಲ್ಲೇ ವಾಸಿಸತಕ್ಕದ್ದು. ಬೇರೆಡೆ ಮನೆ ಮಾಡಬೇಕಾದರೆ ಸೂಪರಿಂಟೆಂಡೆಂಟರ ಲಿಖಿತ ಅನುಮತಿ ಬೇಕು. ಒಂದು ರಾತ್ರಿ ಹೊರಗೆ ಉಳಿಯುವುದಕ್ಕೂ ಕಾಗದವೇ. ಕೈದಿಯಾದರೆ ಇದಕ್ಕೆ ಪೆರೋಲ್ ಎನ್ನುತ್ತಾರೆ.

ವಿಶ್ವಸಂಸ್ಥೆಯೂ ಹಿಂದೆ ಬಿದ್ದಿಲ್ಲ. 2015ರ ನೆಲ್ಸನ್ ಮಂಡೇಲಾ ನಿಯಮಗಳ ಪ್ರಕಾರ ಕೈದಿಯ ಕಿಟಕಿ ಹಗಲು ಬೆಳಕಿನಲ್ಲಿ ಓದಲಾಗುವಷ್ಟು ದೊಡ್ಡದಿರಬೇಕು, ತಾಜಾ ಗಾಳಿ ಬರಬೇಕು, ಶೌಚಾಲಯ ಶುಚಿಯಾಗಿರಬೇಕು. ಇರಲಿ, ಅದು ಇರಲೇಬೇಕು. ಮುಖ್ಯಾಧಿಕಾರಿಯ ಮನೆಗೆ ಮಾತ್ರ ಒಂದೇ ವಾಕ್ಯ: ಆವರಣದಲ್ಲಿ ಅಥವಾ ತೀರಾ ಸಮೀಪದಲ್ಲಿ ವಾಸಿಸಬೇಕು. ಆ ಮನೆಗೆ ಕಿಟಕಿ ಇದೆಯೇ, ಮಾಡು ಸೋರುತ್ತದೆಯೇ, ಅದನ್ನು ಕೇಳುವ ವಾಕ್ಯ ಇನ್ನೂ ಹುಟ್ಟಿಲ್ಲ.

ಅತ್ತೆ ಬಂದರೂ ಗೇಟಿನಲ್ಲಿ ರಿಜಿಸ್ಟರ್ ತೆರೆಯುತ್ತದೆ. ಹೆಸರು, ಸಂಬಂಧ, ಬಂದ ಉದ್ದೇಶ. ‘ಮಗಳನ್ನು ನೋಡಲು’ ಎಂದು ಬರೆದು, ಚೀಲ ಬಿಚ್ಚಿ ತೋರಿಸುತ್ತಾರೆ. ಪಕ್ಕದ ಸಾಲಿನಲ್ಲಿ ಇನ್ನೊಬ್ಬ ತಾಯಿ ‘ಮಗನನ್ನು ನೋಡಲು’ ಎಂದು ಬರೆಯುತ್ತಿರುತ್ತಾರೆ. ಇಬ್ಬರಿಗೂ ಒಂದೇ ಪೆನ್ನು, ದಾರ ಕಟ್ಟಿದ್ದು. ಇನ್ನು, ಕೈದಿಗಳ ಕಳ್ಳ ಮೊಬೈಲಿಗೆಂದು ಹಾಕಿದ ಜಾಮರ್‌ಗೆ ಗೋಡೆ ಎಲ್ಲಿ ಮುಗಿಯುತ್ತದೆಂದು ಹೇಳಿಕೊಟ್ಟವರಿಲ್ಲ. ಅಧಿಕಾರಿಯ ಮಗಳ ಆನ್‌ಲೈನ್ ಪಾಠ ನಡುಮನೆಯಲ್ಲೇ ಪ್ರಾಣ ಬಿಡುತ್ತದೆ.

ಅಮೆರಿಕದ್ದೂ ಇದೇ ಕಥೆ. 1934ರಿಂದ 1963ರವರೆಗೆ ಫೆಡರಲ್ ಜೈಲಾಗಿದ್ದ ಅಲ್ಕಟ್ರಾಜ್ ದ್ವೀಪದಲ್ಲಿ ಕಾವಲುಗಾರರ ಸಂಸಾರಗಳೂ ಇದ್ದವು. ಮಕ್ಕಳು ದೋಣಿ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋದ ಶಾಲೆಗೆ ಹೋಗಿಬರುತ್ತಿದ್ದರು. ಆಟಿಕೆ ಬಂದೂಕು ಮಾತ್ರ ನಿಷಿದ್ಧ. ಕಳ್ಳ-ಪೊಲೀಸ್ ಆಟಕ್ಕೆ ಹೇಳಿಮಾಡಿಸಿದ ಜಾಗ. ಪೊಲೀಸನ ಕೈ ಖಾಲಿ.

ಕೈದಿ ಸನ್ನಡತೆ ತೋರಿದರೆ ಶಿಕ್ಷೆ ಕಡಿಮೆಯಾಗುತ್ತದೆ. ಅಧಿಕಾರಿ ಸನ್ನಡತೆ ತೋರಿದರೆ ಬಡ್ತಿ, ಅಂದರೆ ಇನ್ನೊಂದು ಜೈಲು, ಇನ್ನೊಂದು ಕ್ವಾರ್ಟರ್ಸ್. ಕೊನೆಗೆ ನಿವೃತ್ತಿಯ ದಿನ ಬಿಡುಗಡೆ. ಕೈದಿ ಹೊರಡುವಾಗ ಅವನ ಬಟ್ಟೆ, ಗಡಿಯಾರ ಎಣಿಸಿ ಕೊಟ್ಟು ಕಳಿಸುತ್ತಾರೆ. ಅಧಿಕಾರಿ ಹೊರಡುವಾಗ ಫ್ಯಾನು, ಬಲ್ಬು ಎಣಿಸಿ ಪಡೆದುಕೊಳ್ಳುತ್ತಾರೆ.