ಹೊರಗಿನವರು ಬೇಕಾಗಿದ್ದಾರೆ

ಅಮೆರಿಕದ ಮೇಲ್ಮನೆಯಾದ ಸೆನೆಟ್ಟಿಗೆ ಟಿಕೆಟ್ ಕೇಳುವವರಲ್ಲಿ ಈಗ ಒಳಗಿನವರೇ ಸಿಗುವುದಿಲ್ಲ. ವಾಷಿಂಗ್ಟನ್ನಿನ ಅನ್ನ ಉಂಡು ಕೈ ತೊಳೆದವರೂ ‘ನಾನು ಹೊರಗಿನವ’ ಎನ್ನುತ್ತಾರೆ. ಬೀಗರ ಮನೆಯಲ್ಲಿ ‘ಊಟ ಆಗಿದೆ’ ಎನ್ನುತ್ತಲೇ ಎಲೆ ಮುಂದೆ ಕೂತ ಹಾಗೆ.

2022ರ ಪೆನ್ಸಿಲ್ವೇನಿಯಾವನ್ನೇ ನೋಡಿ. ಅಲ್ಲಿ ಬಿ-ಫಾರಂ ಕೊಡುವ ಹೈಕಮಾಂಡ್ ಇಲ್ಲ. ಪಕ್ಷದವರೆಂದು ನೋಂದಾಯಿಸಿಕೊಂಡ ಮತದಾರರೇ ಪ್ರೈಮರಿ ಎಂಬ ಪಕ್ಷದೊಳಗಿನ ಚುನಾವಣೆಯಲ್ಲಿ ವೋಟು ಹಾಕಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಅರ್ಜಿಗೆ ಬೇಕಾದದ್ದು 2,000 ಸಹಿ, 200 ಡಾಲರ್ ಶುಲ್ಕ. ಇಷ್ಟು ಅಗ್ಗವೇ ಎಂದು ಹಿಗ್ಗಬೇಡಿ. ರಿಪಬ್ಲಿಕನ್ ಕಣದ ಇಬ್ಬರು ‘ಹೊರಗಿನವರು’ ತಲಾ ಒಂದು ಕೋಟಿ ಡಾಲರಿಗೂ ಹೆಚ್ಚು ಸ್ವಂತ ದುಡ್ಡು ಸುರಿದರು.

ಒಬ್ಬರು ಟೀವಿ ಡಾಕ್ಟರು ಮೆಹ್ಮತ್ ಓಝ್. ದಶಕಗಳಿಂದ ಮನೆ ಇದ್ದದ್ದು ಪಕ್ಕದ ರಾಜ್ಯ ನ್ಯೂಜೆರ್ಸಿಯಲ್ಲಿ. ಪೆನ್ಸಿಲ್ವೇನಿಯಾದ ಮತದಾರರ ಪಟ್ಟಿಯಲ್ಲಿ ಕೊಟ್ಟದ್ದು ಅತ್ತೆ-ಮಾವನ ಮನೆಯ ವಿಳಾಸ. ಮನೆಯಳಿಯತನಕ್ಕೆ ಇಷ್ಟು ಮರ್ಯಾದೆ ಇನ್ನೆಲ್ಲೂ ಸಿಕ್ಕಿರಲಿಕ್ಕಿಲ್ಲ. ಸಂವಿಧಾನ ಕೇಳುವುದು 30 ವರ್ಷ ವಯಸ್ಸು, 9 ವರ್ಷದ ಪೌರತ್ವ, ಗೆಲ್ಲುವ ಹೊತ್ತಿಗೆ ಆ ರಾಜ್ಯದಲ್ಲಿ ವಾಸ. (ನಾವು ನಗುವ ಹಾಗಿಲ್ಲ. ನಮ್ಮ ರಾಜ್ಯಸಭೆಗೆ 2003ರ ತಿದ್ದುಪಡಿಯ ನಂತರ ಅತ್ತೆ ಮನೆಯ ವಿಳಾಸವೂ ಬೇಡ. ದೇಶದ ಯಾವ ಮೂಲೆಯ ಪಟ್ಟಿಯಲ್ಲಿ ಹೆಸರಿದ್ದರೂ ಕರ್ನಾಟಕದಿಂದ ಹೋಗಬಹುದು.)

ಇನ್ನೊಬ್ಬರು ಡೇವಿಡ್ ಮೆಕಾರ್ಮಿಕ್. ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲೇ. ಬುಷ್ ಕಾಲದಲ್ಲಿ ಖಜಾನೆ ಇಲಾಖೆಯ ದೊಡ್ಡ ಹುದ್ದೆ, ಆಮೇಲೆ ಕನೆಕ್ಟಿಕಟ್‌ನಲ್ಲಿ ಬ್ರಿಜ್‌ವಾಟರ್ ಎಂಬ ಭಾರೀ ಹೂಡಿಕೆ ಕಂಪನಿಯ ಯಜಮಾನಿಕೆ. ಇವರೂ ಹೊರಗಿನವರೇ!

ನಡುವೆ ಕ್ಯಾಥಿ ಬಾರ್ನೆಟ್ ಬಂದರು. ಹುದ್ದೆ ಕಂಡವರಲ್ಲ, ಕೈಯಲ್ಲಿ ದುಡ್ಡೂ ಕಡಿಮೆ. ಕೊನೆಯ ವಾರದಲ್ಲಿ ಅವರ ಗಾಳಿ ಬೀಸಿದ್ದೇ ತಡ, ‘ಈಕೆ ನವೆಂಬರಿನ ಅಸಲಿ ಚುನಾವಣೆಯಲ್ಲಿ ಗೆಲ್ಲಲಾರರು’ ಎಂದು ಟ್ರಂಪ್ ಅವರೇ ಹೇಳಿಕೆ ಕೊಟ್ಟರು. ಹೊರಗಿನವರು ಬೇಕು ಎಂದು ಬೋರ್ಡು ಹಾಕಿದ ಮನೆಗೆ ನಿಜವಾಗಿ ಹೊರಗಿನವರೊಬ್ಬರು ಬಂದರೆ ನಾಯಿ ಬಿಡುವುದು ವಾಡಿಕೆ. ಆದರೂ ಬಾರ್ನೆಟ್‌ಗೆ ಕಾಲು ಭಾಗದಷ್ಟು ವೋಟು ಬಿತ್ತು.

13 ಲಕ್ಷಕ್ಕೂ ಮಿಕ್ಕಿದ ವೋಟಿನಲ್ಲಿ ಓಝ್ ಮುಂದಿದ್ದದ್ದು 951. ಅಂತರ ಶೇ. 0.5ರ ಒಳಗಿದ್ದರೆ ತಾನಾಗಿಯೇ ಮರು ಎಣಿಕೆ. ಹೊರ ಲಕೋಟೆಯ ಮೇಲೆ ತಾರೀಖು ಬರೆಯದ ಅಂಚೆ ವೋಟನ್ನೂ ಎಣಿಸಿ ಎಂದು ಮೆಕಾರ್ಮಿಕ್ ಕೋರ್ಟಿಗೆ ಹೋದರೆ, ಅವರದೇ ಪಕ್ಷ ಎದುರು ನಿಂತಿತು. ಜೂನ್ 3ಕ್ಕೆ ಸೋಲೊಪ್ಪಿದರು.

ಅತ್ತ ಡೆಮಾಕ್ರಟರದು ದರ್ಜಿ ಲೆಕ್ಕ: ಮೊಣಕಾಲು ಕಂಡರೆ ಹೊರಗಿನವ. ಜಾನ್ ಫೆಟರ್‌ಮನ್ ಆಗ ರಾಜ್ಯದ ಲೆಫ್ಟಿನೆಂಟ್ ಗವರ್ನರ್, ಓದಿದ್ದು ಹಾರ್ವರ್ಡ್. ತೊಟ್ಟದ್ದು ಚಡ್ಡಿ ಮತ್ತು ಟೋಪಿಯಂಗಿ. ಸೂಟು ತೊಟ್ಟ ಸಂಸದ ಕಾನರ್ ಲ್ಯಾಂಬ್ ಒಳಗಿನವರಾದರು. ಪ್ರೈಮರಿಯಲ್ಲಿ ಫೆಟರ್‌ಮನ್ ರಾಜ್ಯದ 67 ಕೌಂಟಿಗಳಲ್ಲೂ, ಎಂದರೆ ಎಲ್ಲ ಜಿಲ್ಲೆಗಳಲ್ಲೂ, ಗೆದ್ದರು.

ಆಮೇಲೆ ಹರಿದಾಡಿದ್ದು ಓಝ್ ತರಕಾರಿ ಕೊಳ್ಳಲು ಹೋದ ವಿಡಿಯೋ. ಇದೇ ಅಸಲಿ ತಕ್ಕಡಿ. ಹೆಂಡತಿಗೆ ‘ಕ್ರೂಡಿಟೆ’ ಬೇಕಂತೆ, ಎಂದರೆ ಹಸಿ ತರಕಾರಿ ತಟ್ಟೆ. ಕೈಯಲ್ಲಿ ಬ್ರಾಕೊಲಿ, ಶತಾವರಿ, ಕ್ಯಾರೆಟ್, ನೆಂಚಿಕೊಳ್ಳಲು ಸಾಲ್ಸಾ, ಗ್ವಾಕಮೋಲೆ. 20 ಡಾಲರ್ ಆಯಿತು, ಟಕೀಲಾ ಬೇರೆ, ಎಂದು ಬೆಲೆಯೇರಿಕೆಗೆ ಕಣ್ಣೀರು. ಅಂಗಡಿಯ ಹೆಸರು ರೆಡ್ನರ್ಸ್. ಬಾಯಲ್ಲಿ ಬಂದದ್ದು ‘ವೆಗ್ನರ್ಸ್’, ವೆಗ್ಮನ್ಸ್ ಎಂಬ ಇನ್ನೊಂದು ಅಂಗಡಿಯ ಜೊತೆ ಕಸಿ ಕಟ್ಟಿದ ತಳಿ. ದಿನಸಿ ಅಂಗಡಿಯ ಹೆಸರು ತಪ್ಪಿದವನನ್ನು ಯಾವ ಊರು ಅಳಿಯ ಎಂದು ಒಪ್ಪೀತು? ನವೆಂಬರಿನಲ್ಲಿ ಓಝ್ ಎದುರು ಫೆಟರ್‌ಮನ್ ಗೆದ್ದರು.

ಮೆಕಾರ್ಮಿಕ್ 2024ರಲ್ಲಿ ಮತ್ತೆ ಬಂದರು. ಈ ಸಲ ಪ್ರೈಮರಿಯಲ್ಲಿ ಎದುರಾಳಿಯೇ ಇಲ್ಲ. ಮೂರು ಅವಧಿ ಮುಗಿಸಿದ ಡೆಮಾಕ್ರಟ್ ಸೆನೆಟರ್ ಬಾಬ್ ಕೇಸಿಯನ್ನು ಸೋಲಿಸಿ ಸೆನೆಟ್ ಸೇರಿದರು. ಓಝ್ ಸಾಹೇಬರಿಗೆ 2025ರಲ್ಲಿ ಮೆಡಿಕೇರ್, ಮೆಡಿಕೇಡ್ ಎಂಬ ವೃದ್ಧರ, ಬಡವರ ಆರೋಗ್ಯ ವಿಮೆ ನಡೆಸುವ ಕೇಂದ್ರ ಸರ್ಕಾರದ ಕುರ್ಚಿ ಸಿಕ್ಕಿತು. ಸೆನೆಟ್ಟಿಗೂ ಕುರ್ಚಿಗೂ ಬರದೆ ಬಾಗಿಲಾಚೆ ಉಳಿದವರು ಬಾರ್ನೆಟ್, ಮತ್ತು ಒಳಗಿನವರು ಎಂದು ಬೈಸಿಕೊಂಡ ಆ ಸೂಟಿನ ಲ್ಯಾಂಬ್.