ಕನ್ನಡಿ ಬಟನ್ನು ಮತ್ತು ಅತ್ತೆಯವರ ಎಳೆ

ನಮ್ಮ ಮಹಡಿಯಲ್ಲಿ ಎಂಟು ಮನೆಗಳಿವೆ. ಏಳರ ಬಾಗಿಲಲ್ಲಿ ಸ್ಟಿಕ್ಕರ್ ರಂಗೋಲಿ. ನಮ್ಮದೂ ಅದರಲ್ಲಿ ಒಂದಾಗಿತ್ತು. ಹೋದ ತಿಂಗಳು ಊರಿನಿಂದ ಬಂದ ಅತ್ತೆಯವರು ಅದನ್ನು ಚಾಕುವಿನಿಂದ ಕೆರೆದು ತೆಗೆದರು. ಬೆಂಗಳೂರಿನಲ್ಲಿ ರಂಗೋಲಿ ಡಿಜಿಟಲ್ ಆಗಿ ಎಷ್ಟೋ ವರ್ಷಗಳಾದವು ಎಂದು ಆಗಲೇ ನನಗೆ ಹೊಳೆದದ್ದು.

ಮೂರನೇ ತರಗತಿಯ ಮಗಳ ಶಾಲೆಯಲ್ಲಿ ಈ ವರ್ಷ ಹೊಸ ತರಗತಿ ಬಂದಿದೆ: ಟ್ಯಾಬ್ಲೆಟ್‌ನಲ್ಲಿ ಸಾಂಪ್ರದಾಯಿಕ ಕಲೆ. ಕೇಳಿದಾಗ ಖುಷಿಯಾಯಿತು. ಮೊದಲ ಪಾಠ ಹಸೆ ಚಿತ್ತಾರ. ಸಿದ್ಧ ರೇಖಾಚಿತ್ರ ಪರದೆಯ ಮೇಲೆ ಬರುತ್ತದೆ, ಮಗು ಬೆರಳಿಟ್ಟರೆ ಬಣ್ಣ ತುಂಬಿಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ನೇರಳೆ ಬಣ್ಣದ ಚಿತ್ತಾರ ತಯಾರು.

ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳಿಯಲ್ಲಿ, ಪುಂಡಿನಾರಿನ ಕುಂಚ ಹಿಡಿದು ಚಿತ್ತಾರ ಬರೆಯುತ್ತಾರೆ. ಅದರ ಜೀವವೆಲ್ಲ ಎಳೆಯಲ್ಲಿದೆ. ಒತ್ತೊತ್ತಾಗಿ, ಒಂದಕ್ಕೊಂದು ತಾಗದಂತೆ ಸಾಗುವ ಆ ಗೆರೆಗಳನ್ನು ಟ್ಯಾಬ್ಲೆಟ್ ಪಾಠ ಮಾಡಿದ ಕಂಪನಿಯವರೇ ಎಳೆದುಕೊಟ್ಟ ಮೇಲೆ ಮಗುವಿಗೆ ಉಳಿದದ್ದೇನು? ಬೆರಳಿನಿಂದ ಕುಟ್ಟುವ ಕೆಲಸ.

ನಾನು ಟ್ಯಾಬ್ಲೆಟ್ ವಿರೋಧಿಯಲ್ಲ. ಹೊಟ್ಟೆಪಾಡಿಗೆ ದಿನವಿಡೀ ಪರದೆಯನ್ನೇ ನೋಡುವವಳು. ನನ್ನ ತಕರಾರು ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಬಗ್ಗೆ ಮಾತ್ರ.

ಅತ್ತೆಯವರು ಮೊಮ್ಮಗಳಿಗೆ ಏಳರಿಂದ ನಾಲ್ಕರ ಸಂದುಚುಕ್ಕಿ ಇಡಲು ಕಲಿಸಿದರು. ನಡುವೆ ಏಳು, ಮೇಲೆ ಕೆಳಗೆ ಆರು, ಐದು, ನಾಲ್ಕು. ಒಟ್ಟು 37 ಚುಕ್ಕಿ. ಮೊದಲ ಮೂರು ದಿನ ಚುಕ್ಕಿಗಳೇ ಸಾಲು ತಪ್ಪಿ ಓಡಾಡಿದವು. ನಾಲ್ಕನೆಯ ದಿನ ಎಳೆ ಸುತ್ತಿತು. ಐದನೆಯ ದಿನ ಮಗಳು ಅದನ್ನೇ ಟ್ಯಾಬ್ಲೆಟ್‌ನಲ್ಲಿ ಬರೆಯಲು ಕೂತಳು. ಅಲ್ಲೊಂದು ಕನ್ನಡಿ ಬಟನ್ ಇದೆ, ಅರ್ಧ ಎಳೆದರೆ ಉಳಿದರ್ಧ ತಾನೇ ಮೂಡುತ್ತದೆ. ಮೂಡಿತು, ಆದರೆ ಹೊಂದಲಿಲ್ಲ. ಈ ಕಡೆಯ ಸುಳಿ ಬಲಕ್ಕೆ ತಿರುಗಿದರೆ ಆ ಕಡೆಯದು ಎಡಕ್ಕೆ ತಿರುಗಿ, ನಡುವೆ ಎರಡೂ ಡಿಕ್ಕಿ ಹೊಡೆದವು.

ಅತ್ತೆಯವರು ಕನ್ನಡಕ ಏರಿಸಿ ನೋಡಿ, "ಇದು ಸುತ್ತುವ ಎಳೆ ಪುಟ್ಟಿ, ಎದುರುಬದುರು ಕೂರುವ ಎಳೆಯಲ್ಲ" ಎಂದರು.

ಎಂಥ ಮಾತು! ಪ್ರತಿಬಿಂಬಕ್ಕೂ ಪರಿಭ್ರಮಣಕ್ಕೂ ಇರುವ ವ್ಯತ್ಯಾಸವನ್ನು ನನಗೆ ಯಾವ ಗಣಿತದ ಮೇಷ್ಟರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಮಗಳಿಗೆ ಡಿಗ್ರಿ ಗೊತ್ತಿಲ್ಲ, ಗಡಿಯಾರ ಗೊತ್ತು. ಒಂದು ಸುಳಿ ಬರೆದು, ನಕಲು ಮಾಡಿ, ಗಡಿಯಾರದ ಮುಳ್ಳು ಹತ್ತು ನಿಮಿಷ ಸರಿದಷ್ಟು ತಿರುಗಿಸು ಎಂದೆ. ಆರು ಸಲ ತಿರುಗಿಸಿದಾಗ ಮೊದಲಿನ ಜಾಗಕ್ಕೇ ಬಂತು. ಆಮೇಲೆ ಸುಳಿಯನ್ನು ಕೊಂಚ ಉದ್ದ ಮಾಡಿ ಮತ್ತೆ ತಿರುಗಿಸಿದಳು. ಹೊಸ ರಂಗೋಲಿ! ನೆಲದ ಮೇಲೆ ಅರ್ಧ ದಿನ ಹಿಡಿಯುವ ಪ್ರಯೋಗ ಪರದೆಯಲ್ಲಿ ಎರಡೇ ನಿಮಿಷದಲ್ಲಿ ಮುಗಿಯಿತು. ಪರದೆ ಕೊಡಬೇಕಾದದ್ದು ಇದನ್ನು. ಆದರೆ ಎಳೆ ಹೇಗೆ ಓಡುತ್ತದೆಂದು ಬೆರಳಿಗೆ ಮೊದಲೇ ತಿಳಿದಿರದಿದ್ದರೆ ಕನ್ನಡಿ ತಪ್ಪು ಹೇಳುತ್ತಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತೇ?

(1967ರಲ್ಲೇ ಗಣಿತಜ್ಞ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ಮಾಡಿದ್ದರು. ಅದರಲ್ಲಿ ಮಕ್ಕಳು ಪರದೆಯ ಮೇಲಿನ ಆಮೆಯೊಂದಕ್ಕೆ ಇಷ್ಟು ಮುಂದೆ ಹೋಗು, ಇಷ್ಟು ತಿರುಗು ಎಂದು ಹೇಳಿ ಗೆರೆ ಬರೆಸುತ್ತಾರೆ. ಅತ್ತೆಯವರು ಹೇಳಿಕೊಡುವ ಕ್ರಮವೂ ಅದೇ, ಆಮೆಯೊಂದಿಲ್ಲ.)

ಇದಕ್ಕೆ ಮಗುವಿಗೊಂದು ಟ್ಯಾಬ್ಲೆಟ್ ಬೇಕಿಲ್ಲ. ಸೀಮೆಸುಣ್ಣ, ನೆಲ, ಟೀಚರ ಫೋನಿನಲ್ಲೊಂದು ಫೋಟೋ, ಟಕ್ಸ್ ಪೇಂಟ್‌ನಂಥ ಉಚಿತ ತಂತ್ರಾಂಶವಿರುವ ಒಂದು ಹಳೆಯ ಕಂಪ್ಯೂಟರ್ ಸಾಕು. ಸರಕಾರಿ ಶಾಲೆಯಲ್ಲೂ ಆಗುವ ಕೆಲಸ.

ಪೋಷಕರ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ವಾರಕ್ಕೊಮ್ಮೆ ಒಬ್ಬ ಅಜ್ಜಿಯನ್ನೋ ಅಜ್ಜನನ್ನೋ ಕರೆಸಿ ಎಂದೂ ಕೇಳಿದೆ. ಟೀಚರ್ ತಲೆಯಾಡಿಸಿದರು, ಪಾಪ, ಅವರಿಗೆ ಇಷ್ಟವಾಗಿತ್ತು. ಆದರೆ ಪಾಠಗಳೆಲ್ಲ ವರ್ಷಕ್ಕಾಗುವಷ್ಟು ಮೊದಲೇ ಸಿದ್ಧವಾಗಿ ಬಂದಿವೆಯಂತೆ. ಮುಂದಿನ ವಾರ ಕಿನ್ನಾಳದ ಗೊಂಬೆ. ಬಣ್ಣ ತುಂಬುವುದು.