ತೆಂಗಿನಕಾಯಿಗೊಂದು ಕುಲಾವಿ

ಶಿರಸಿ ಪೇಟೆಯಿಂದ ಚೀಲದ ತುಂಬ ಉಲ್ಲನ್ ಉಂಡೆಗಳನ್ನು ಹೊತ್ತು ಬರುತ್ತಿದ್ದಾಗ ಪರಿಚಯದವರೊಬ್ಬರು ಇದೆಲ್ಲ ಯಾತಕ್ಕೆಂದು ವಿಚಾರಿಸಿದರು. "ಆಸ್ಪತ್ರೆಯಲ್ಲಿರುವವರಿಗೆ ಟೋಪಿ ಹಾಕಬೇಕೆಂದಿದ್ದೇನೆ" ಎಂದು ನಾನು ಭಕ್ತಿಯಿಂದ ಹೇಳಿದೊಡನೆ ಅವರು ತಮ್ಮ ಪಾಕೀಟನ್ನು ಒಳಜೇಬಿಗೆ ಸರಿಸಿದ್ದು ನನ್ನ ಭ್ರಮೆ ಇರಲಿಕ್ಕಿಲ್ಲ.

ಹುಬ್ಬಳ್ಳಿಯಲ್ಲಿ ಕಿಮೊಥೆರಪಿ ಆರಂಭವಾದ ಎರಡು ಮೂರು ವಾರಗಳಲ್ಲೇ ನನ್ನ ಚಿಕ್ಕಮ್ಮನ ಕೂದಲು ಉದುರಿತ್ತು. ವಿಶ್ರಾಂತಿಗೆಂದು ನಮ್ಮ ಮನೆಗೆ ಬಂದರೆ, ಘಟ್ಟದ ಮೇಲಿನ ಡಿಸೆಂಬರಿನ ಚಳಿ ನೇರ ಅವಳ ನೆತ್ತಿಗೇ ಇಳಿಯುತ್ತಿತ್ತು. ಅಂಗಡಿಯ ಟೋಪಿ ಚುಚ್ಚುತ್ತದೆ, ಸೆರಗು ಜಾರುತ್ತದೆ ಎಂದು ಅವಳು ಹೇಳಿದ್ದೇ ತಡ, ಹೈಸ್ಕೂಲಿನ ದಿನಗಳಲ್ಲಿ ಒಂದು ಮಫ್ಲರನ್ನು ಮುಕ್ಕಾಲು ಪಾಲು ಹೆಣೆದಿದ್ದ ಅನುಭವದ ಬಲದ ಮೇಲೆ, ಅವಳಿಗಷ್ಟೇ ಅಲ್ಲ, ಅವಳ ವಾರ್ಡಿನವರಿಗೆಲ್ಲ ಟೋಪಿ ಹೆಣೆದುಕೊಡುವುದಾಗಿ ನಾನು ಘೋಷಿಸಿಬಿಟ್ಟೆ.

ಎಡವಿದ್ದು ಅಳತೆಯಲ್ಲಿ. ದೊಡ್ಡವರ ತಲೆಯ ಸುತ್ತಳತೆ ಸುಮಾರು 55ರಿಂದ 57 ಸೆಂ.ಮೀ.; ಹೆಣಿಗೆ ಹಿಗ್ಗುವುದರಿಂದ ಟೋಪಿಯನ್ನು ಅದಕ್ಕಿಂತ ನಾಲ್ಕೈದು ಸೆಂ.ಮೀ. ಚಿಕ್ಕದಾಗಿಯೇ ಹೆಣೆಯಬೇಕು, ಕೂದಲಿಲ್ಲದ ತಲೆಗಾದರೆ ಇನ್ನೂ ತುಸು ಬಿಗಿಯಾಗಿ. ನಾನಾದರೋ ಮಧ್ಯಾಹ್ನದ ನಿದ್ದೆಯಲ್ಲಿದ್ದ ಯಜಮಾನರ ತಲೆಗೆ, ಅವರ ಸೊಂಪಾದ ಕ್ರಾಪಿನ ಸಮೇತ, ಎಚ್ಚರವಾದೀತೆಂಬ ಭಯದಿಂದ ಸಡಿಲವಾಗಿ ದಾರ ಸುತ್ತಿ, ಇರಲಿ ಎಂದು ಎರಡು ಬೆರಳು ಸೇರಿಸಿಯೂ ಇದ್ದೆ. (ಅಡಿಕೆ ಕೊಯ್ಯಲು ಮರ ಹತ್ತುವ ನಮ್ಮ ಕೊನೆಗೌಡ ನೆನೆಸಿದ ಅಡಿಕೆ ಹಾಳೆಯನ್ನು ಮಡಚಿ ಟೊಪ್ಪಿ ಮಾಡುವಾಗ ಯಾವ ದಾರವನ್ನೂ ಹಿಡಿಯುವುದಿಲ್ಲ, ಮರದ ತುದಿಗೆ ಹೋದರೂ ಅದು ಕದಲುವುದಿಲ್ಲ.) ಸಿದ್ಧವಾದದ್ದನ್ನು ಅತ್ತೆ ಬೆಳಕಿಗೆ ಹಿಡಿದು, "ತಂಗಿ, ಇದು ತಲೆಗೋ, ಕೊಡಪಾನಕ್ಕೋ?" ಎಂದು ಕೇಳಿದರು. ಅವರ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ. ಚಿಕ್ಕಮ್ಮ ಮಾತ್ರ ಏನೂ ಹೇಳದೆ ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಎರಡನೆಯದನ್ನು ಟೇಪಿನಿಂದಲೇ ಅಳೆದು, ದುಬಾರಿಯಾದ ಶುದ್ಧ ಉಣ್ಣೆಯಲ್ಲಿ ಹೆಣೆದೆ. ಅದೂ ಚುಚ್ಚಿತು. ಮೆತ್ತಗಾಗಲೆಂದು ಬಚ್ಚಲ ಹಂಡೆಯ ಸುಡುನೀರಿನಲ್ಲಿ ಸಾಬೂನು ಹಾಕಿ ಚೆನ್ನಾಗಿ ತಿಕ್ಕಿದೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಕೂಡಿದರೆ ಉಣ್ಣೆಯ ಎಳೆಗಳು ಒಂದನ್ನೊಂದು ಕಚ್ಚಿಕೊಂಡು ಕುಗ್ಗಿ ಕಂಬಳಿಯಂತೆ ದಪ್ಪಗಾಗುತ್ತವೆ ಎಂಬ ವಿಜ್ಞಾನ ನನಗೆ ತಿಳಿದದ್ದು ಬಚ್ಚಲಿನಲ್ಲಿಯೇ. ಹೊರಗೆ ಬಂದ ವಸ್ತು ಅಡುಗೆಮನೆಯಲ್ಲಿದ್ದ ಸುಲಿದ ತೆಂಗಿನಕಾಯಿಗೆ ಹೇಳಿ ಮಾಡಿಸಿದಂತೆ ಕುಳಿತಿತು.

ನರ್ಸ್ ಆಗಿರುವ ಪಕ್ಕದ ಮನೆಯ ಹುಡುಗಿ ಅದನ್ನು ನೋಡಿ ನಗಲಿಲ್ಲ. ನವಜಾತ ಶಿಶುವಿನ ತಲೆಯ ಸುತ್ತಳತೆ ಸುಮಾರು 33ರಿಂದ 35 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಈ ಕಾಯಿಯಷ್ಟೇ ಎಂದಳು. 2.5 ಕೆ.ಜಿ.ಗಿಂತ ಕಡಿಮೆ ತೂಕದ ಕೂಸುಗಳ ಮೈ ಬೇಗ ತಣ್ಣಗಾಗುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದ ಕಾಂಗರೂ ಆರೈಕೆಯಂತೆ ತಾಯಿಯ ಎದೆಗೆ ಅಪ್ಪಿಸಿ ಇಟ್ಟಾಗಲೂ ಅವುಗಳ ತಲೆಗೆ ಕುಲಾವಿ ಬೇಕು ಎಂದೂ ತಿಳಿಸಿದಳು. ಈ ಒರಟು ವಸ್ತುವಂತೂ ಬೇಡವೇ ಬೇಡ, ಮೆತ್ತನೆಯ ಹತ್ತಿ ನೂಲಿನಲ್ಲಿ ಹೆಣೆಯಿರಿ ಎಂದಳು.

ತೆಂಗಿನಕಾಯಿಯೇ ನನ್ನ ಅಚ್ಚಾಯಿತು. ಮೂರು ಕುಲಾವಿಗಳು ಮುಗಿದ ಮರುದಿನ ಅತ್ತೆ ಅಚ್ಚನ್ನು ತಂಬುಳಿಗೆ ತುರಿದರು. ಮುಂದಿನ ಕಾಯಿ ಚಿಕ್ಕದು, ಅದರ ಮುಂದಿನದು ಕೋಲುಮುಖದ್ದು. ಕುಲಾವಿಗಳೂ ಅದರಂತೆಯೇ ಆದವು. ಕೊನೆಗೆ ಸರಿಯಾದ ಕಾಯಿಯೊಂದನ್ನು ಟೇಪು ಹಿಡಿದು ಆರಿಸಿ, ಯಾರೂ ಮುಟ್ಟಬಾರದೆಂದು ಅದಕ್ಕೆ ಕುಂಕುಮ ಹಚ್ಚಿಟ್ಟೆ. ಕುಂಕುಮ ಹಚ್ಚಿದ ಕಾಯಿ ದೇವರದ್ದೆಂದು ತಿಳಿದ ಅತ್ತೆ, ಸಂಕಷ್ಟಿಯ ದಿನ ಅದನ್ನು ಗಣಪತಿಗೆ ಒಡೆದು, ನನಗೂ ಎರಡು ಚೂರು ಪ್ರಸಾದ ಕೊಟ್ಟರು.

ಒಟ್ಟು ಒಂಬತ್ತರಲ್ಲಿ ಏಳನ್ನು ಆ ಹುಡುಗಿ ಅಳೆದು ಒಯ್ದಳು.

ಚಿಕ್ಕಮ್ಮ ಮೊನ್ನೆ ಮತ್ತೆ ಬಂದಿದ್ದಳು. ತಲೆಯ ಮೇಲೆ ಅದೇ ಕೊಡಪಾನದ ಟೋಪಿ. ಒಳಗೊಂದು ಹಳೆಯ ಹತ್ತಿ ಸೀರೆಯ ತುಂಡನ್ನು ಹೊಲಿದುಕೊಂಡು, ಅಂಚನ್ನು ಎರಡು ಸುತ್ತು ಮೇಲಕ್ಕೆ ಮಡಚಿ, ಆ ಮಡಿಕೆಯಲ್ಲಿ ಬಸ್ಸಿನ ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ಸಿಕ್ಕಿಸಿಕೊಂಡಿದ್ದಳು. ವಾರ್ಡಿನ ಮೂವರಿಗೆ ಇಂಥದ್ದೇ ಬೇಕಂತೆ, ಅಳತೆಯಲ್ಲಿ ಒಂದಿಷ್ಟೂ ವ್ಯತ್ಯಾಸವಾಗಬಾರದಂತೆ. ಹಳೆಯ ದಾರವನ್ನು ಎಲ್ಲಿಟ್ಟೆನೆಂದು ನೆನಪಿಲ್ಲ, ಯಜಮಾನರು ನಿನ್ನೆಯಷ್ಟೇ ಕ್ಷೌರ ಮಾಡಿಸಿಕೊಂಡು ಬಂದಿದ್ದಾರೆ.